ಗೋಡೆ ಆಮೇಲೆ ನೋಡಿ, ಮೊದಲು ಗಟಾರ ನೋಡಿ: ಕಲಬುರಗಿಯಲ್ಲಿ ಬಾಡಿಗೆಗೆಂದು ಮನೆ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಸೇಡಂ ರಸ್ತೆ ಕಡೆ ನಾನು ತಗೊಂಡ ಮೊದಲ ಕಟ್ಟಡದಲ್ಲಿ ನಾಲ್ಕು ಬಾಡಿಗೆ ಮನೆ ಇದ್ದವು. ನೋಡಿದ್ದು ಏಪ್ರಿಲ್‌ನಲ್ಲಿ. ಗೋಡೆಗೆ ಹೊಸ ಬಣ್ಣ, ಗೇಟಿಗೂ ಹೊಸ ಬಣ್ಣ, ಒಳಗೆ ಹೊಳೆಯುವ ಟೈಲ್ಸ್. ಕಾಗದಪತ್ರ ವಕೀಲರಿಗೆ ತೋರಿಸಿದೆ. ವಾಸ್ತು ಕೂಡ ಕೇಳಿಸಿದೆ. ಬಚ್ಚಲಿನ ನಳ ಮಾತ್ರ ತಿರುಗಿಸಿ ನೋಡಲಿಲ್ಲ. ಮಿರಗದ ಮಳೆ ಶುರುವಾದ ಮೇಲೆ ಕೆಳಗಿನ ಮನೆಯ ಅಡುಗೆಮನೆ ಗೋಡೆ ಉಬ್ಬಿತು. ದಸರಾ ಹೊತ್ತಿಗೆ ಎರಡು ಕುಟುಂಬ ಖಾಲಿ ಮಾಡಿದವು. ಮೇಲಿನ ಎರಡೂ ಬಚ್ಚಲು ಒಡೆಸಿ, ಪೈಪ್ ಬದಲಿಸಿ, ಮತ್ತೆ ಟೈಲ್ಸ್ ಕೂರಿಸುವಷ್ಟರಲ್ಲಿ ಒಂದು ವರ್ಷದ ಬಾಡಿಗೆ ಹೋಯಿತು.

ಆ ಕೆಲಸ ಮಾಡಿದ ಪ್ಲಂಬರ್ ಕಾಕಾ ವಯಸ್ಸಾದವರು. ಒಡೆದ ಪೈಪಿನ ತುಂಡನ್ನು ನನ್ನ ಕೈಗೆ ಕೊಟ್ಟು ಹೇಳಿದರು: "ನೀವು ಗ್ವಾಡಿ ನೋಡಿ ಮನಿ ತಗೊಂಡೀರಿ. ನಾ ಆಗಿದ್ರ ಮೊದಲ ಗಟಾರ ನೋಡ್ತಿದ್ದೆ ನೋಡ್ರಿ."

ಆಮೇಲೆ ನಾನು ನೋಡಿದ ಪ್ರತಿ ಮನೆಯನ್ನೂ ನೀರು ಹೋಗುವ ದಾರಿಯಲ್ಲೇ ನೋಡಿದ್ದೇನೆ. ನೀರು ಎಲ್ಲಿಂದ ಬರುತ್ತೆ, ಎಲ್ಲಿ ನಿಲ್ಲುತ್ತೆ, ಹೇಗೆ ಹರಿಯುತ್ತೆ, ಎಲ್ಲಿಗೆ ಹೋಗುತ್ತೆ. ಈ ಬರಹವೂ ಅದೇ ದಾರಿಯಲ್ಲಿದೆ. ತೊಗರಿ ಮಾರಿದ ದುಡ್ಡಿಗೆ ಊರಲ್ಲೊಂದು ಮನೆ ಮಾಡಿ ಕಿರಾಯಿಗೆ ಕೊಡೋಣ ಅನ್ನುವವರು, ನಿವೃತ್ತಿಯ ಹಣ ಹಾಕುವವರು, ಯಾರಾದರೂ ಸರಿ, ಅಡ್ವಾನ್ಸ್ ಕೊಡುವ ಮೊದಲು ಓದಿ.

ಹೊರಡುವ ಮೊದಲು: ಚೀಲದಲ್ಲಿ ಏನಿರಬೇಕು

ದುಬಾರಿ ಉಪಕರಣ ಏನೂ ಬೇಡ. 15 ಲೀಟರ್ ಬಕೆಟ್, ಟಾರ್ಚ್, ಅಳತೆ ಟೇಪ್, ಸೀಮೆಸುಣ್ಣ, ಒಂದು ಹಳೇ ನಾಣ್ಯ, ಬಟ್ಟೆಗೆ ಹಾಕುವ ನೀಲಿ, ಮಕ್ಕಳಾಡುವ ಒಂದು ಗೋಲಿ. ಗಡಿಯಾರ ಫೋನಿನಲ್ಲೇ ಇದೆ. ಗೋಲಿ ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೋಗುವ ಹೊತ್ತು ಮುಖ್ಯ. ಮಾರುವವರು ಸಾಮಾನ್ಯವಾಗಿ ಸಂಜೆ ಕರೆಯುತ್ತಾರೆ. ಅಷ್ಟರಲ್ಲಿ ನೀರಿನ ಟಾಕಿ ತುಂಬಿರುತ್ತೆ, ಬಚ್ಚಲು ಒಣಗಿರುತ್ತೆ. ನೀವು ಬೆಳಿಗ್ಗೆ ಏಳರಿಂದ ಎಂಟರ ಒಳಗೆ ಹೋಗಿ. ಎಲ್ಲಾ ಮನೆಯವರೂ ಒಟ್ಟಿಗೆ ನೀರು ಬಳಸುವ ಹೊತ್ತು ಅದು. ಪೈಪಿನ ನಿಜ ಬಣ್ಣ ಆಗಲೇ ಹೊರಬೀಳುತ್ತೆ.

ಸಾಧ್ಯವಾದರೆ ಎರಡು ಸಲ ಹೋಗಿ. ಮೇ ತಿಂಗಳಲ್ಲಿ ಒಮ್ಮೆ, ಒಂದು ದೊಡ್ಡ ಮಳೆಯಾದ ಮರುದಿನ ಒಮ್ಮೆ. ಬೇಸಿಗೆಯಲ್ಲಿ ಬಿರುಕು ಕಾಣುತ್ತೆ, ಮಳೆಗಾಲದಲ್ಲಿ ಸೋರಿಕೆ ಕಾಣುತ್ತೆ. ಒಂದೇ ಸಲ ಹೋಗುವಂತಿದ್ದರೆ ನಾನು ಮಳೆಯ ಮರುದಿನವನ್ನೇ ಆರಿಸುತ್ತೇನೆ.

ಹಂತ 1: ಮಣ್ಣು ಯಾವುದು ಕೇಳಿ

ಪೈಪಿನ ಬಗ್ಗೆ ಬರೆಯುತ್ತ ಮಣ್ಣಿನಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಕಲಬುರಗಿಯ ಬಹುಪಾಲು ಬಡಾವಣೆಗಳು ಎದ್ದಿರುವುದು ಎರೆ ಹೊಲದ ಮೇಲೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಿರಿಯುತ್ತೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಾಯಿ ಬಿಟ್ಟಿರುತ್ತಲ್ಲ, ಅದೇ ಮಣ್ಣು ನಿಮ್ಮ ಪಾಯದ ಕೆಳಗೂ ಇದೆ. ಪಾಯ ಆಳಕ್ಕೆ ಹೋಗಿ ಗಟ್ಟಿ ನೆಲ ಮುಟ್ಟಿದ್ದರೆ ಕಟ್ಟಡಕ್ಕೆ ತೊಂದರೆ ಕಡಿಮೆ. ಆದರೆ ಕಂಪೌಂಡಿನಲ್ಲಿ ಎರಡಡಿ ಆಳದಲ್ಲಿ ಮಲಗಿರುವ ಗಟಾರದ ಪೈಪಿಗೆ ಪಾಯ ಎಲ್ಲಿದೆ? ಮಣ್ಣು ಅಲುಗಾಡಿದರೆ ಅದೂ ಅಲುಗಾಡುತ್ತೆ. ಜಾಯಿಂಟ್ ಬಿಡುತ್ತೆ. ಬಿಟ್ಟ ಜಾಯಿಂಟಿನಿಂದ ನೀರು ಸೋರಿ ಪಾಯದ ಒಂದು ಮೂಲೆಯ ಮಣ್ಣು ಮಾತ್ರ ಉಬ್ಬುತ್ತೆ. ಆಗ ಗೋಡೆ ಬಿರಿಯುತ್ತೆ. ಜನ ಗೌಂಡಿಯನ್ನು ಕರೆಸಿ ಬಿರುಕಿಗೆ ಸಿಮೆಂಟ್ ತುಂಬಿಸುತ್ತಾರೆ. ಬಿರುಕು ಮುಂದಿನ ವರ್ಷ ಅಲ್ಲೇ ಬರುತ್ತೆ, ಯಾಕಂದ್ರೆ ರೋಗ ಇರೋದು ಪೈಪಿನಲ್ಲಿ.

ಆದ್ದರಿಂದ ಬಿರುಕು ಕಂಡರೆ ಮೊದಲು ಅದರ ಹತ್ತಿರ ಯಾವ ಪೈಪ್ ಹೋಗುತ್ತೆ ನೋಡಿ. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಅಂದ್ರೆ ಪಾಯ ಕದಲಿರಬಹುದು. ಪ್ಲಾಸ್ಟರ್ ಮೇಲಿನ ಕೂದಲೆಳೆಯಂಥ ಗೆರೆಗಳಿಗೆ ಹೆದರಬೇಡಿ. 5 ಮಿ.ಮೀ.ಗಿಂತ ಅಗಲ ಇದ್ದರೆ, ಅಥವಾ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಫೀಸು ಕೊಟ್ಟು ತೋರಿಸಿ.

ಬೀದರಿನಲ್ಲಿ ಕಥೆ ಬೇರೆ. ಅಲ್ಲಿನ ನೆಲ ಜಂಬಿಟ್ಟಿಗೆ, ಉಬ್ಬುವ ಕಾಟ ಇಲ್ಲ. ಅದನ್ನೇ ಕೊರೆದು ಬಹಮನಿ ಕಾಲದಲ್ಲಿ ಸುರಂಗ ಬಾವಿ ಮಾಡಿದ್ದರು, ನೌಬಾದ್ ಹತ್ತಿರ ಈಗಲೂ ನೋಡಬಹುದು. ಆದರೆ ಆ ಕಲ್ಲಿನ ತುಂಬ ತೂತು. ಇಂಗುಗುಂಡಿ ಚೆನ್ನಾಗಿ ಕೆಲಸ ಮಾಡುತ್ತೆ, ಅದೇ ತೂತಿನಿಂದ ಸಂಡಾಸಿನ ನೀರು ಬಾವಿಗೂ ಬೇಗ ಸೇರುತ್ತೆ. ಯಾದಗಿರಿಯ ಗುಡ್ಡದ ಬದಿಯಲ್ಲಾದರೆ ಬಂಡೆ ಮೇಲೇ ಸಿಗುತ್ತೆ. ಸಂಪ್ ಚಿಕ್ಕದಿದ್ದರೆ ಆಮೇಲೆ ದೊಡ್ಡದು ಮಾಡಿಸ್ತೀನಿ ಅನ್ನುವ ಲೆಕ್ಕ ಅಲ್ಲಿ ನಡೆಯಲ್ಲ.

ಹಂತ 2: ನೀರು ಎಲ್ಲಿಂದ, ಎಷ್ಟು ದಿನಕ್ಕೊಮ್ಮೆ

ಕಲಬುರಗಿಗೆ ನೀರು ಮುಖ್ಯವಾಗಿ ಭೀಮಾ ನದಿ ಮತ್ತು ಬೆಣ್ಣೆತೊರೆಯಿಂದ ಬರುತ್ತೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆ ಇಲ್ಲಿನ ಕೆಲವು ವಾರ್ಡುಗಳಿಗೂ ವಿಶ್ವ ಬ್ಯಾಂಕ್ ನೆರವಿನ ಯೋಜನೆಯಲ್ಲಿ 2008ರ ಹೊತ್ತಿಗೇ ದಿನದ 24 ಗಂಟೆ ನೀರು ಬಂದಿತ್ತು. ಉಳಿದ ಕಡೆ ಕೆಲವು ದಿನಕ್ಕೊಮ್ಮೆ. ಒಂದೇ ಊರು, ಎರಡು ರಸ್ತೆ ಆಚೆ ಈಚೆ, ನೀರಿನ ಲೆಕ್ಕ ಪೂರಾ ಬೇರೆ. ಇದನ್ನು ಮಾರುವವರನ್ನು ಕೇಳಬೇಡಿ. ಪಕ್ಕದ ಮನೆಯ ಅಕ್ಕನನ್ನು ಕೇಳಿ: "ನಳ ಎಷ್ಟು ದಿನಕ್ಕೊಮ್ಮೆ ಬರ್ತದ್ರಿ? ಮೇ ತಿಂಗಳದಾಗ ಟ್ಯಾಂಕರ್ ತರಸ್ತೀರೇನು?"

ಉತ್ತರ ಸಿಕ್ಕ ಮೇಲೆ ಲೆಕ್ಕ ಹಾಕಿ. ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಎಂಜಿನಿಯರುಗಳು ಹಿಡಿಯುವ ಲೆಕ್ಕ. ನಾಲ್ಕು ಮನೆ, 16 ಜನ ಅಂದರೆ ದಿನಕ್ಕೆ 2,160 ಲೀಟರ್. ನಾಲ್ಕು ದಿನಕ್ಕೊಮ್ಮೆ ನೀರು ಬಂದರೆ 8,640 ಲೀಟರ್ ಕೂಡಿಡುವ ಜಾಗ ಬೇಕು. ಈಗ ಸಂಪ್ ಮುಚ್ಚಳ ತೆಗೆಸಿ ಟೇಪ್ ಇಳಿಬಿಡಿ. 6 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳ ಇದ್ದರೆ 180 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಅಂದರೆ 5,100 ಲೀಟರ್ ಹತ್ತಿರ. ಮಾಳಿಗೆ ಮೇಲಿನ 2,000 ಲೀಟರ್ ಟಾಕಿ ಸೇರಿಸಿದರೂ ಸಾಲದು. ಕೊರತೆ ಟ್ಯಾಂಕರಿನಿಂದ ಬರಬೇಕು. ಆ ಖರ್ಚು ಯಾರದು ಅಂತ ಬಾಡಿಗೆದಾರರ ಜೊತೆ ಪ್ರತಿ ಬೇಸಿಗೆ ಜಗಳ ಆಗುತ್ತೆ.

ಬೋರ್ ಇದೆ ಅಂದರೆ ಚಾಲೂ ಮಾಡಿಸಿ ಅರ್ಧ ಗಂಟೆ ಬಿಡಿ. ಮೊದಲ ಐದು ನಿಮಿಷ ಎಲ್ಲಾ ಬೋರೂ ಚೆನ್ನಾಗೇ ಓಡುತ್ತವೆ. ಜೊತೆಗೆ ಒಂದು ಬಾಟಲಿ ನೀರು ತುಂಬಿ ಲ್ಯಾಬಿಗೆ ಕೊಡಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿ.ಗ್ರಾಂ. ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತೆ. ಫ್ಲೋರೈಡ್ 1.5 ದಾಟಬಾರದು, ನೈಟ್ರೇಟ್ 45 ದಾಟಬಾರದು. ನೈಟ್ರೇಟ್ ಜಾಸ್ತಿ ಬಂದರೆ ನನಗೆ ಮೊದಲು ಅನುಮಾನ ಬರುವುದು ಹತ್ತಿರದ ಸೆಪ್ಟಿಕ್ ಟ್ಯಾಂಕ್ ಮೇಲೆ.

ಗಡಸು ನೀರು ಕುಡಿಯುವವರಿಗಿಂತ ಮಾಲಕರಿಗೆ ದೊಡ್ಡ ಶತ್ರು. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತೆ, ಶವರಿನ ತೂತು ಮುಚ್ಚುತ್ತೆ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಒಳಗೆ ಸಂದು ಕಿರಿದಾಗುತ್ತೆ. ನಳದ ಬಾಯಿಗೆ ಬೆರಳು ಹಾಕಿ ನೋಡಿ, ಸುಣ್ಣ ತಗುಲುತ್ತೆ.

ಹಂತ 3: ಸಂಪ್ ಮತ್ತು ಟಾಕಿ

ಸಂಪ್ ಸೋರುತ್ತಾ ಇಲ್ವಾ ತಿಳಿಯಲು ರಾತ್ರಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೋಟಾರ್ ಹಚ್ಚಬೇಡಿ ಅಂತ ಹೇಳಿ. ಬೆಳಿಗ್ಗೆ ನೋಡಿ. 6 ಅಡಿ ಚೌಕದ ಸಂಪಿನಲ್ಲಿ ಒಂದು ಇಂಚು ಇಳಿದರೆ ಸುಮಾರು 85 ಲೀಟರ್ ಹೋಗಿದೆ. ಆ ನೀರು ಎಲ್ಲಿ ಹೋಯಿತು? ಎರೆ ಮಣ್ಣಿನ ಹೊಟ್ಟೆಗೆ. ಮತ್ತೆ ಹಂತ 1 ಓದಿ.

ಹೊರಗೆ ಹೋಗುವ ದಾರಿ ಇದ್ದರೆ ಒಳಗೆ ಬರುವ ದಾರಿಯೂ ಇರುತ್ತೆ. ಮಳೆಗಾಲದಲ್ಲಿ ಸಂಪಿನ ನೀರು ತಾನಾಗೇ ಏರಿದರೆ ಸಂತೋಷ ಪಡಬೇಡಿ. ಅದು ಕಂಪೌಂಡಿನ ಕೊಳಕು ನೀರು. ಸಂಪಿಗೂ ಸಂಡಾಸಿನ ಚೇಂಬರಿಗೂ ನಡುವೆ ಮೂರಡಿ ಮಾತ್ರ ಇರುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸೈಟೇ 30 ಬೈ 40, ಪಾಪ ಎಲ್ಲಿ ಇಡ್ತಾರೆ? ಆದರೂ ಅಂಥ ಮನೆಯಲ್ಲಿ ಸಂಪಿನ ಗೋಡೆ ಗಟ್ಟಿ ಇರಲೇಬೇಕು.

ಮೇಲಿನ ಟಾಕಿಯ ಎತ್ತರ ನೋಡಿ. ನೀರಿನ ಒತ್ತಡ ಬರುವುದು ಎತ್ತರದಿಂದ, 10 ಮೀಟರಿಗೆ ಚದರ ಸೆಂ.ಮೀ.ಗೆ ಒಂದು ಕೆ.ಜಿ. ಲೆಕ್ಕ. ಟಾಕಿಯನ್ನು ಮಾಳಿಗೆ ಮೇಲೆ ನೇರವಾಗಿ ಇಟ್ಟಿದ್ದರೆ ಮೇಲಿನ ಅಂತಸ್ತಿನ ಶವರಿಗೆ ಒಂದು ಮೀಟರ್ ಎತ್ತರವೂ ಸರಿಯಾಗಿ ಸಿಗಲ್ಲ, ನೀರು ತೊಟ್ಟಿಕ್ಕುತ್ತೆ. ಐದಡಿ ಸ್ಟ್ಯಾಂಡ್ ಇದ್ದರೆ ಪರವಾಗಿಲ್ಲ. ಮೇಲಿನ ಅಂತಸ್ತಿನ ಮನೆ ಪದೇ ಪದೇ ಖಾಲಿಯಾಗುತ್ತೆ ಅಂದರೆ ಕಾರಣ ಇದೂ ಇರಬಹುದು.

ಇನ್ನೊಂದು, ಮಾಳಿಗೆ ಮೇಲಿನ ಪೈಪ್. ನಮ್ಮಲ್ಲಿ ಮೇ ತಿಂಗಳಲ್ಲಿ 42-43 ಡಿಗ್ರಿ ಮಾಮೂಲು. 10 ಮೀಟರ್ ಪ್ಲಾಸ್ಟಿಕ್ ಪೈಪ್ 30 ಡಿಗ್ರಿ ಏರಿಳಿತಕ್ಕೆ ಸುಮಾರು 2 ಸೆಂ.ಮೀ. ಹಿಗ್ಗಿ ಕುಗ್ಗುತ್ತೆ. ಎರಡೂ ಕಡೆ ಸಿಮೆಂಟಿನಲ್ಲಿ ಬಿಗಿದಿದ್ದರೆ ಜಾಯಿಂಟ್ ಬಿಡದೆ ಏನು ಮಾಡುತ್ತೆ? ಬಿಸಿಲಿಗೆ ಹಳದಿಯಾದ, ಉಗುರಿನಲ್ಲಿ ಗೀಚಿದರೆ ಪುಡಿ ಬರುವ ಪೈಪ್ ಕಂಡರೆ ಅದನ್ನು ಬದಲಿಸುವ ಖರ್ಚು ಬರೆದುಕೊಳ್ಳಿ.

ಹಂತ 4: ಒಳಗಿನ ಪೈಪು

ಬಕೆಟ್ ಈಗ ತೆಗೆಯಿರಿ. ಬಚ್ಚಲಿನ ನಳ ಪೂರ್ತಿ ತಿರುಗಿಸಿ 15 ಲೀಟರ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತೆ ನೋಡಿ. ಒಂದೂವರೆ ನಿಮಿಷದ ಒಳಗಾದರೆ ಚೆನ್ನ. ಮೂರು ನಿಮಿಷ ದಾಟಿದರೆ ಪೈಪ್ ಕಟ್ಟಿದೆ, ಇಲ್ಲವೇ ಸಣ್ಣ ಪೈಪ್ ಹಾಕಿದ್ದಾರೆ. ಆಮೇಲೆ ಅಡುಗೆಮನೆಯ ನಳವನ್ನೂ ತಿರುಗಿಸಿ ಮತ್ತೆ ಅಳೆಯಿರಿ. ಎರಡನೇ ಸಲ ಅರ್ಧಕ್ಕರ್ಧ ಕುಸಿದರೆ ಎಲ್ಲಾ ನಳಕ್ಕೂ ಒಂದೇ ತೆಳು ಪೈಪಿನಿಂದ ಕೊಟ್ಟಿದ್ದಾರೆ ಅಂತ.

ಮೊದಲ ಲೋಟ ನೀರು ಕೆಂಪಗಿದ್ದರೆ ಒಳಗೆ ಹಳೇ ಜಿಐ ಪೈಪ್ ಇದೆ, ತುಕ್ಕು ಹಿಡಿದಿದೆ. ಇಂಥದ್ದಕ್ಕೆ ತೇಪೆ ಬೇಡ, ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಬಿಡುತ್ತೆ. ಪೂರ್ತಿ ಬದಲಿಸುವ ಖರ್ಚನ್ನೇ ಹಿಡಿಯಿರಿ. ಹೊಸ ಮನೆಗಳಲ್ಲಿ ಗೀಸರಿನಿಂದ ಬರುವ ಪೈಪ್ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಆಗಿರಬೇಕು. ಬಿಳಿ ಯುಪಿವಿಸಿ ತಣ್ಣೀರಿಗೆ ಮಾತ್ರ. ದುಡ್ಡು ಉಳಿಸಲು ಬಿಸಿನೀರಿಗೂ ಅದನ್ನೇ ಹಾಕಿದ್ದರೆ ಜಾಯಿಂಟ್ ಮೆತ್ತಗಾಗಿ ಗೋಡೆಯೊಳಗೇ ಸೋರಲು ಶುರು.

ಸಂಡಾಸಿನ ಫ್ಲಶ್ ಟ್ಯಾಂಕಿಗೆ ಸ್ವಲ್ಪ ನೀಲಿ ಹಾಕಿ 20 ನಿಮಿಷ ಸುಮ್ನೆ ಬಿಡಿ. ಫ್ಲಶ್ ಮಾಡದೆಯೇ ಕೆಳಗೆ ನೀಲಿ ಬಂದರೆ ವಾಷರ್ ಹೋಗಿದೆ. ಇದು ಸಣ್ಣ ಖರ್ಚು. ಆದರೆ ಸೆಕೆಂಡಿಗೊಂದು ಹನಿ ಸೋರಿದರೂ ದಿನಕ್ಕೆ ಹಲವು ಲೀಟರ್ ಹೋಗುತ್ತೆ.

ಹಂತ 5: ಬಚ್ಚಲು, ಅಂದರೆ ದುಡ್ಡು ಹೋಗುವ ಜಾಗ

ನನ್ನ ವರ್ಷದ ಬಾಡಿಗೆ ನುಂಗಿದ್ದು ಇದೇ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ.

ಮೊದಲು ಮೇಲಿನ ಬಚ್ಚಲಿಗೆ ಹೋಗಬೇಡಿ. ಅದರ ಕೆಳಗಿನ ಕೋಣೆಗೆ ಹೋಗಿ ಸೂರು ನೋಡಿ. ಹಳದಿ ಕಲೆ, ಬಣ್ಣ ಎದ್ದ ಜಾಗ, ಬಿಳಿ ಉಪ್ಪು. ಆ ಒಂದೇ ಕೋಣೆಗೆ ಮಾತ್ರ ಹೊಸ ಬಣ್ಣ ಅಥವಾ ಹೊಸ ಪಿಒಪಿ ಸೂರು ಇದ್ದರೆ ಅನುಮಾನ ಪಡಿ. ಉಳಿದ ಕೋಣೆಗಳಿಗಿಲ್ಲದ ಸಿಂಗಾರ ಅದಕ್ಕೊಂದಕ್ಕೇ ಯಾಕೆ ಅಲ್ವಾ? ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಸರಳು ಕಂಡರೆ ಮಾತು ಪ್ಲಂಬರನ್ನು ದಾಟಿ ಎಂಜಿನಿಯರ್ ಹತ್ತಿರ ಹೋಗಿದೆ.

ಆಮೇಲೆ ಮೇಲೆ ಹೋಗಿ. ನಾಣ್ಯದಿಂದ ಟೈಲ್ಸ್ ಬಡಿಯಿರಿ. ಟೊಳ್ಳು ಶಬ್ದ ಬಂದರೆ ಕೆಳಗೆ ಗಾರೆ ಹಿಡಿದಿಲ್ಲ, ನೀರು ಕೂರಲು ಜಾಗ ಇದೆ. ಗೋಲಿಯನ್ನು ನೆಲದ ನಾಲ್ಕೂ ಮೂಲೆಯಲ್ಲಿ ಬಿಡಿ. ಅದು ನಹಾನಿ ಟ್ರ್ಯಾಪ್ (ಬಚ್ಚಲ ನೆಲದ ನೀರು ಇಳಿಯುವ ಜಾಲರಿ ತೂತು) ಕಡೆ ಉರುಳಬೇಕು. ಬಾಗಿಲ ಕಡೆ ಉರುಳಿದರೆ ನೀರೂ ಅಲ್ಲಿಗೇ ಹೋಗುತ್ತೆ, ಚೌಕಟ್ಟಿನ ಬುಡ ಕೊಳೆತಿರುತ್ತೆ.

ಕೊನೆಯ ಪರೀಕ್ಷೆಗೆ ಹಟ ಹಿಡಿಯಿರಿ. ನಹಾನಿ ಟ್ರ್ಯಾಪಿಗೆ ಬಟ್ಟೆ ತುರುಕಿ, ಬಾಗಿಲಿಗೆ ಸಣ್ಣ ಕಟ್ಟೆ ಕಟ್ಟಿ, ಒಂದು ಇಂಚು ನೀಲಿ ನೀರು ನಿಲ್ಲಿಸಿ. 24 ಗಂಟೆ ಬಿಡಿ, 48 ಆದರೆ ಇನ್ನೂ ಒಳ್ಳೇದು. ಕೆಳಗಿನ ಸೂರಿಗೆ ನೀಲಿ ಇಳಿದರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ನೀಲಿ ಇಳಿಯದೆಯೂ ಸೂರು ಒದ್ದೆ ಇದ್ದರೆ ತಪ್ಪು ಪೈಪಿನದು. ಇವೆರಡರ ರಿಪೇರಿಗೆ ಅಜಗಜಾಂತರ, ಗೊತ್ತಿಲ್ಲದೆ ಒಡೆಸಿದರೆ ಎರಡು ಸಲ ಒಡೆಸಬೇಕಾಗುತ್ತೆ. ಮಾರುವವರು ಒಪ್ಪದಿದ್ದರೆ? ಒಪ್ಪದಿರುವುದೂ ಒಂದು ಉತ್ತರವೇ.

ಹಳೇ ಮನೆಗಳ ಬಗ್ಗೆ ಒಂದು ಒಳ್ಳೆ ಮಾತು ಹೇಳಬೇಕು. ಬ್ರಹ್ಮಪುರದ ಕಡೆಯ ಹಳೇ ಮನೆಗಳಲ್ಲಿ ನೆಲಕ್ಕೆ ಶಹಾಬಾದಿ ಫರ್ಸಿ ಇರುತ್ತೆ. ಜನ ಅದನ್ನು ಹಳೇ ಕಾಲದ್ದು ಅಂತ ಮೂಗು ಮುರಿಯುತ್ತಾರೆ. ನನಗೆ ಅದು ಇಷ್ಟ. ಕೆಳಗಿನ ಪೈಪ್ ಕೆಟ್ಟರೆ ಒಳ್ಳೆ ಗೌಂಡಿ ಎರಡು ಫರ್ಸಿ ಮೆಲ್ಲಗೆ ಎಬ್ಬಿಸಿ, ಕೆಲಸ ಮುಗಿಸಿ, ಅದನ್ನೇ ಮತ್ತೆ ಕೂರಿಸುತ್ತಾನೆ. ಹೊಳೆಯುವ ಟೈಲ್ಸ್ ಒಡೆದರೆ ಅದೇ ಡಿಸೈನ್ ಅಂಗಡಿಯಲ್ಲಿ ಸಿಗಲ್ಲ. ಫರ್ಸಿಯ ಸಂದುಗಳಲ್ಲಿ ಸಿಮೆಂಟ್ ಉದುರಿದೆಯಾ ಮಾತ್ರ ನೋಡಿ, ನೀರು ಇಳಿಯುವುದು ಅಲ್ಲಿಂದ.

ಹಂತ 6: ಗಟಾರ ಮತ್ತು ಸೆಪ್ಟಿಕ್ ಟ್ಯಾಂಕ್

"ಯುಜಿಡಿ ಇದೆ" ಅನ್ನುವ, ಅಂದರೆ ನೆಲದಡಿಯ ಒಳಚರಂಡಿಗೆ ಸಂಪರ್ಕ ಇದೆ ಅನ್ನುವ ಮಾತನ್ನು ನಂಬಬೇಡಿ, ಪರೀಕ್ಷಿಸಿ. ಮೇಲಿನ ಸಂಡಾಸಿಗೆ ನೀಲಿ ನೀರು ಸುರಿದು ಫ್ಲಶ್ ಮಾಡಿ, ಕೆಳಗೆ ಚೇಂಬರಿನ ಮುಚ್ಚಳ ತೆಗೆಸಿ ಕಾಯಿರಿ. ನೀಲಿ ಬೇಗ ಬಂದು ಹರಿದು ಹೋಗಬೇಕು. ನಿಂತರೆ ಇಳಿಜಾರು ಸಾಲದು. 4 ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ ಇಳಿಜಾರು ಇದ್ದರೆ ಚೆನ್ನಾಗಿ ಓಡುತ್ತೆ. ಇನ್ನು ರಸ್ತೆ ಬದಿಯ ಮಳೆನೀರಿನ ಗಟಾರದಲ್ಲಿ ನೀಲಿ ಕಾಣಿಸಿಕೊಂಡರೆ? ಅಲ್ಲಿಗೆ ಕಳ್ಳ ಸಂಪರ್ಕ ಕೊಟ್ಟಿದ್ದಾರೆ. ನೋಟಿಸ್ ಬರುವಾಗ ಮಾಲಕರು ನೀವೇ ಆಗಿರುತ್ತೀರಿ.

ಸೆಪ್ಟಿಕ್ ಟ್ಯಾಂಕ್ ಇದ್ದರೆ ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದರು ಕೇಳಿ. ಎರೆ ಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ, ಹಾಗಾಗಿ ಇಂಗುಗುಂಡಿ ಮಳೆಗಾಲದಲ್ಲಿ ತುಂಬಿ ಹಿಂದಕ್ಕೆ ಬರುತ್ತೆ. ಗುಂಡಿಗೂ ಬೋರಿಗೂ 60 ಅಡಿಯಾದರೂ ದೂರ ಇರಲಿ. ತುಂಬಿದರೆ ಸಕ್ಕಿಂಗ್ ಗಾಡಿ ಕರೆಸಿ. ಯಾವ ಕಾರಣಕ್ಕೂ ಒಳಗೆ ಮನುಷ್ಯರನ್ನು ಇಳಿಸಬೇಡಿ. ರಕ್ಷಣಾ ಸಾಧನ ಇಲ್ಲದೆ ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಒಳಗಿನ ಗ್ಯಾಸಿಗೆ ಕ್ಷಣದಲ್ಲಿ ಜೀವ ಹೋಗುತ್ತೆ.

ಮನೆಯೊಳಗೆ ಗಬ್ಬು ವಾಸನೆ ಇದ್ದರೆ ಎರಡು ಕಾರಣ ಇರಬಹುದು. ಬಹಳ ದಿನ ಖಾಲಿ ಬಿದ್ದ ಮನೆಯಾದರೆ ವಾಸನೆ ತಡೆಯುವ ಟ್ರ್ಯಾಪಿನ ನೀರು ಒಣಗಿದೆ, ಒಂದು ಚೊಂಬು ನೀರು ಹಾಕಿದರೆ ಸರಿಹೋಗುತ್ತೆ. ಜನ ಇರುವ ಮನೆಯಲ್ಲೂ ವಾಸನೆ ಇದ್ದರೆ ಗಟಾರದ ಗ್ಯಾಸ್ ಹೊರಹೋಗುವ ಗಾಳಿ ಪೈಪ್ ಇಲ್ಲ, ಅಥವಾ ಅದನ್ನು ಮಾಳಿಗೆಗಿಂತ ಕೆಳಗೇ ನಿಲ್ಲಿಸಿದ್ದಾರೆ.

ಹಂತ 7: ಕಾಗದ, ಬೇಗ ಬೇಗ

ಇ-ಖಾತೆ, ಕಾವೇರಿ ತಂತ್ರಾಂಶದಿಂದ ತೆಗೆಸಿದ ಋಣಭಾರ ಪತ್ರ, ಆಸ್ತಿ ತೆರಿಗೆ ರಸೀದಿ, ಇವನ್ನು ವಕೀಲರು ನೋಡುತ್ತಾರೆ. ನೀವು ಮೂರು ಸಣ್ಣ ಚೀಟಿ ಕೇಳಿ: ನೀರಿನ ಬಿಲ್ಲಿನ ಬಾಕಿ, ಒಳಚರಂಡಿ ಸಂಪರ್ಕದ ಅನುಮತಿ, ಜೆಸ್ಕಾಂ ಕರೆಂಟ್ ಬಿಲ್. ನೀರಿನ ಮೋಟಾರ್ ಯಾರ ಮೀಟರಿನಲ್ಲಿದೆ ನೋಡಿ. ಒಬ್ಬ ಬಾಡಿಗೆದಾರನ ಮೀಟರಿನಿಂದ ನಾಲ್ಕು ಮನೆಯ ನೀರು ಏರುತ್ತಿದ್ದರೆ ಜಗಳವೂ ಮನೆಯ ಜೊತೆಗೇ ಬರುತ್ತೆ.

ಹಂತ 8: ಕಂಡದ್ದನ್ನೆಲ್ಲ ದುಡ್ಡಿಗೆ ತಿರುಗಿಸಿ

ಒಂದು ಹಾಳೆಯಲ್ಲಿ ಮೂರು ಪಟ್ಟಿ ಮಾಡಿ. ಕೊಂಡ ವಾರವೇ ಆಗಬೇಕಾದ್ದು, ಒಂದು ವರ್ಷದೊಳಗೆ ಆಗಬೇಕಾದ್ದು, ಕಾಯಬಹುದಾದ್ದು. ಇಬ್ಬರು ಪ್ಲಂಬರ್, ಒಬ್ಬ ಗೌಂಡಿಯಿಂದ ಬೆಲೆ ಬರೆಸಿಕೊಳ್ಳಿ. ಬಾಯಿ ಮಾತಿನ ಅಂದಾಜು ಬೇಡ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಉದಾಹರಣೆ. ಬೆಲೆ 80 ಲಕ್ಷ, ನಾಲ್ಕು ಮನೆ, ತಲಾ 7,000 ಬಾಡಿಗೆ. ವರ್ಷಕ್ಕೆ 3,36,000, ಅಂದರೆ 4.2 ಶೇಕಡಾ. ಎರಡು ಬಚ್ಚಲು ಮತ್ತು ಪೈಪಿಗೆ 2 ಲಕ್ಷ ಅಂತಿಟ್ಟುಕೊಳ್ಳಿ. ಏಳು ತಿಂಗಳ ಬಾಡಿಗೆ ಅಲ್ಲೇ ಹೋಯಿತು. ಕೆಲಸ ನಡೆಯುವಾಗ ಒಂದು ಮನೆ ಮೂರು ತಿಂಗಳು ಖಾಲಿ ಇದ್ದರೆ ಇನ್ನೊಂದು 21,000. ಮೊದಲ ವರ್ಷ ಕೈಗೆ ಉಳಿಯುವುದು 1,15,000. 80 ಲಕ್ಷಕ್ಕೆ ಅದು ಒಂದೂವರೆ ಶೇಕಡಾ ಕೂಡ ಆಗಲ್ಲ.

ಈ ಹಾಳೆ ಹಿಡಿದು ಚೌಕಾಸಿಗೆ ಕೂತರೆ ಮಾತಿನ ಧಾಟಿಯೇ ಬೇರೆ. "ಸ್ವಲ್ಪ ಕಡಿಮೆ ಮಾಡ್ರಿ" ಅಂತ ಹಲ್ಲು ಕಿರಿಯಬೇಕಿಲ್ಲ. ನೀಲಿ ಇಳಿದ ಸೂರಿನ ಫೋಟೋ, ಗೌಂಡಿಯ ಚೀಟಿ, ಎರಡನ್ನೂ ಟೇಬಲ್ ಮೇಲೆ ಇಡಿ. ಬೆಲೆ ಇಳಿಸಲು ಒಪ್ಪದಿದ್ದರೆ ರಿಪೇರಿ ಮಾಡಿಸಿ ಕೊಡಲಿ. ಆದರೆ ಮತ್ತೆ 24 ಗಂಟೆ ನೀರು ನಿಲ್ಲಿಸಿ ನೋಡಿದ ಮೇಲೆಯೇ ಬಾಕಿ ಹಣ ಅನ್ನುವುದನ್ನು ಕರಾರುಪತ್ರದಲ್ಲಿ ಬರೆಸಿ. ನನ್ನ ಅನುಭವದಲ್ಲಿ ಬೆಲೆ ಇಳಿಸಿಕೊಳ್ಳುವುದೇ ವಾಸಿ. ಮನೆ ಬಿಟ್ಟು ಹೋಗುವವರು ಮಾಡಿಸುವ ರಿಪೇರಿ ಬಣ್ಣ ಒಣಗುವವರೆಗೆ ಮಾತ್ರ.

ಕೀಲಿ ಕೈಗೆ ಬಂದ ದಿನ

ಬಾಡಿಗೆದಾರರು ಬರುವ ಮೊದಲು ಒಂದು ದಿನ ಇಟ್ಟುಕೊಳ್ಳಿ. ಪೈಪ್ ಬದಲಿಸಿದ್ದರೆ ಗೋಡೆ ಮುಚ್ಚುವ ಮುಂಚೆ ಪಕ್ಕದಲ್ಲಿ ಟೇಪ್ ಹಿಡಿದು ಫೋಟೋ ತೆಗೆಯಿರಿ. ಮುಂದೆ ಯಾರಾದರೂ ದೇವರ ಫೋಟೋ ತೂಗು ಹಾಕಲು ಡ್ರಿಲ್ ಮಾಡುವಾಗ ಅದು ಉಪಯೋಗಕ್ಕೆ ಬರುತ್ತೆ. ಪ್ರತಿ ಮನೆಗೂ ಬೇರೆ ವಾಲ್ವ್ ಹಾಕಿಸಿ, ಮೇಲೆ ಬಣ್ಣದಲ್ಲಿ ದೊಡ್ಡದಾಗಿ "ಕೆಳಗಿನ ಎಡ", "ಮೇಲಿನ ಬಲ" ಅಂತ ಕನ್ನಡದಲ್ಲಿ ಬರೆಸಿ. ಒಂದು ಮನೆಯ ನಳ ಕೆಟ್ಟರೆ ನಾಲ್ಕೂ ಮನೆಯ ನೀರು ನಿಲ್ಲಿಸಬೇಕಿಲ್ಲ. ಹಳೇ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಹಾಕಿ, ನಡುವೆ ಅಡ್ಡವಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ. ಗೋಡೆ ಕದಲಿದರೆ ಗಾಜು ಒಡೆಯುತ್ತೆ. ನಮ್ಮ ಸೇಡಂ ರಸ್ತೆ ಕಟ್ಟಡದಲ್ಲಿ ಪೈಪ್ ಬದಲಿಸಿದ ಮೇಲೆ ಅಂಟಿಸಿದ ಗಾಜು ಇನ್ನೂ ಹಾಗೇ ಇದೆ. ಕಾಕಾ ಆ ಕಡೆ ಬಂದಾಗೆಲ್ಲ ಅದನ್ನೊಮ್ಮೆ ಮುಟ್ಟಿ ನೋಡಿಯೇ ಚಹಾಕ್ಕೆ ಕೂರುತ್ತಾರೆ.